ಪ್ರಶ್ನಾವಳಿಗೆ ಮೊದಲು

2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದಾರೆಂದು ತಿಳಿಸಿತು. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಅದಕ್ಕೂ ಮೊದಲಿನ ಪ್ರಾಯೋಗಿಕ ಸಮೀಕ್ಷೆ ಮಾತ್ರ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರಲ್ಲೇ ಕೋಲಾರದಿಂದ ಬೇರ್ಪಟ್ಟಿದ್ದವು.

ನಮ್ಮನ್ನು ಎಣಿಸಲಿಲ್ಲವೆಂಬ ದೂರು ನನ್ನದಲ್ಲ. ಎಣಿಸುವ ಮೊದಲು ನೋಡುವವರು ಯಾರು ಎಂಬುದು ನನ್ನ ಪ್ರಶ್ನೆ. ಮನಶ್ಶಾಸ್ತ್ರದಲ್ಲಿ ಅವಲೋಕನ, ವ್ಯಕ್ತಿ ಅಧ್ಯಯನ, ಸಮೀಕ್ಷೆ ಈ ಮೂರನ್ನೂ ವಿವರಣಾತ್ಮಕ ವಿಧಾನಗಳೆನ್ನುತ್ತಾರೆ. ಇವು ಏನಿದೆ, ಎಷ್ಟಿದೆ ಎಂದು ಹೇಳಬಲ್ಲವೇ ಹೊರತು ಏಕೆ ಎಂದು ಹೇಳಲಾರವು. ಪತ್ರಿಕೆಗಳ ತಲೆಬರಹಗಳು (ಇದನ್ನೂ ಸೇರಿಸಿಯೇ ಹೇಳುತ್ತೇನೆ) ಈ ವ್ಯತ್ಯಾಸವನ್ನು ಆಗಾಗ ಮರೆಯುತ್ತವೆ.

ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಯನ್ನೇ ನೋಡಿ. ಗೂಡನ್ನು ರಾಗಿಯಂತೆ ಕೂಡಿಡಲಾಗದು. ಕೆಲವೇ ದಿನಗಳಲ್ಲಿ ಚಿಟ್ಟೆ ಕೊರೆದು ಹೊರಬರುತ್ತದೆ. ಬೆಲೆ ಕುಸಿದ ದಿನವೂ ರೈತ ಮಾರಲೇಬೇಕು. ಆ ವಾರ 'ನಿದ್ದೆ ಬರುತ್ತದೆಯೇ?' ಎಂದು ಕೇಳಿದರೆ ಬರುವ ಉತ್ತರ ಬೇರೆ, ಬೆಲೆ ಏರಿದ ವಾರ ಬರುವ ಉತ್ತರ ಬೇರೆ. ಒಮ್ಮೆ ಬಂದು ಗುರುತು ಹಾಕಿಕೊಂಡು ಹೋಗುವ ಸಮೀಕ್ಷಕನಿಗೆ ಇದು ಕಾಣುವುದಿಲ್ಲ. ಭಾಷೆಯ ತೊಡಕು ಇನ್ನೂ ದೊಡ್ಡದು. ಇಲ್ಲಿನ ಅನೇಕ ಮನೆಗಳಲ್ಲಿ ಶಾಲೆಯ ಭಾಷೆ ಕನ್ನಡ, ಅಡುಗೆಮನೆಯ ಭಾಷೆ ತೆಲುಗು. 'ಮನಸು ಬಾಗಲೇದು' ಎಂದ ಹೆಂಗಸಿನ ಮಾತನ್ನು ಪ್ರಶ್ನಾವಳಿಯ 'ಖಿನ್ನತೆ' ಎಂಬ ಚೌಕದಲ್ಲಿ ಕೂರಿಸುವುದು ಸರಿಯೇ? ಅದು ದುಃಖವೋ, ಸಿಟ್ಟೋ, ಬರೀ ಆಯಾಸವೋ ಅವರನ್ನೇ ಕೇಳಬೇಕು.

ಹೀಗೆ ಕೇಳಿದವರು ನಮ್ಮಲ್ಲೇ ಇದ್ದರು. ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಅವರು ರೋಗಲಕ್ಷಣಗಳನ್ನಷ್ಟೇ ಎಣಿಸಲಿಲ್ಲ. ಜನರು ಮೊರೆಹೋಗುವ ನಾಟಿ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳನ್ನೂ ಗಮನಿಸಿದರು. ಭಾರತೀಯರಿಗೆ ಹೊಂದುವ ಸಂದರ್ಶನ ಸೂಚಿಯನ್ನೂ ರೂಪಿಸಿಕೊಂಡಿದ್ದರು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಎರಡೂ ಭಾಷೆ ಬಲ್ಲ ಹತ್ತಾರು ಪದವಿ ವಿದ್ಯಾರ್ಥಿಗಳು, ತರಬೇತಿ ನೀಡಬಲ್ಲ ಒಬ್ಬಿಬ್ಬರು ಅಧ್ಯಾಪಕರು, ಹೇಳಿದವರ ಹೆಸರು ಹೊರಬೀಳದಂತೆ ಬಿಗಿಯಾದ ಕಟ್ಟುಪಾಡು ಇದ್ದರೆ ಸಾಕು. ಗೂಡಿನ ಮಾರುಕಟ್ಟೆ, ನೂಲು ಬಿಚ್ಚಾಣಿಕೆ ಘಟಕ, ನೀರು ಬತ್ತಿದ ಕೊಳವೆಬಾವಿಯ ಹೊಲ ಇಲ್ಲೆಲ್ಲ ಒಂದು ಪೂರ್ಣ ವರ್ಷ ಓಡಾಡಿ ಬರೆದುಕೊಳ್ಳಲಿ. ಪ್ರಶ್ನಾವಳಿ ಅಚ್ಚಾಗುವುದು ಆಮೇಲೆ.