ಮೈಗೆ ತಕ್ಕ ಪಟ್ಟು

ನಿಪ್ಪಾಣಿಯಿಂದ ಅಥಣಿಯವರೆಗೆ, ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕಡೆ ಜಾತ್ರೆಯ ಕುಸ್ತಿ ನೋಡಲು ಕುಳಿತ ಹಿರಿಯರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ಹಿಂದಿನ ಪಟ್ಟು ಈಗೆಲ್ಲಿ ಅದಾವ? ಈಗಿನ ಹುಡುಗರು ತಮಗ ತಿಳಿದಂಗ ಆಡತಾವ. ತಾಲೀಮಿನ ಪದ್ಧತಿ ಕೆಟ್ಟಹೋತು."

ಈ ಮಾತನ್ನು ನಾನು ಒಪ್ಪಲಾರೆ. ಪದ್ಧತಿಯೆಂಬುದು ಆಕಾಶದಿಂದ ಇಳಿದು ಬಂದುದೇನು? ಕಾಲಾಜಂಗ ಪಟ್ಟನ್ನೇ ನೋಡಿರಿ. ಎದುರಾಳಿಯ ಕೆಳಗೆ ನುಗ್ಗಿ, ಅವನನ್ನು ಹೆಗಲಿಗೆ ಹಾಕಿಕೊಂಡು ಕೆಡಹಬೇಕು. ಗಿಡ್ಡ ಮೈಯವನಿಗೆ ಅದು ಸಲೀಸು. ಆರಡಿ ಆಳು ಅಷ್ಟು ಬಾಗುವಷ್ಟರಲ್ಲಿ ಕುತ್ತಿಗೆಯನ್ನೇ ಒಪ್ಪಿಸಿರುತ್ತಾನೆ. ಉದ್ದ ತೋಳಿನವನ ಬಲ ಬೇರೆ, ಭಾರದವನ ಬಲ ಬೇರೆ. ಮೂವರಿಗೂ ಒಂದೇ ಪಟ್ಟನ್ನು ತುರುಕಿದರೆ ಇಬ್ಬರಾದರೂ ಮಣ್ಣು ಮುಕ್ಕುತ್ತಾರೆ.

ಇದು ನನ್ನ ಹೊಸ ಶೋಧವಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ 'ಮಾನಸೋಲ್ಲಾಸ'ದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವಿಂಗಡಿಸಿದ್ದಾನೆ. ಅರಸನಿಗೆ ಕಂಡುದು ನಮ್ಮ ಕಟ್ಟೆಯ ಪಂಡಿತರಿಗೆ ಕಾಣದು!

ಹತ್ತಿರದ ಉದಾಹರಣೆಯೂ ಉಂಟು. ಕರಾಡ ಸೀಮೆಯ ಖಾಶಾಬಾ ಜಾಧವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಸ್ಪರ್ಧೆಗೆ ಹೆಸರು ಕೊಡಹೋದಾಗ, ಅವರ ಸಣ್ಣ ಮೈಯನ್ನು ಕಂಡು ಕ್ರೀಡಾಶಿಕ್ಷಕರು ಬೇಡವೆಂದರಂತೆ. ಆ ಸಣ್ಣ ಮೈಯವರೇ 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ 57 ಕಿಲೋ ವರ್ಗದಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕ ಅದು. ಎದುರಾಳಿಯ ತಲೆಯನ್ನು ತೋಳಿನಲ್ಲಿ ಹಿಡಿದು ಎಸೆಯುವ ಢಾಕ ಪಟ್ಟಿನಲ್ಲಿ ಅವರದು ಎತ್ತಿದ ಕೈ. ಭಾರವಿಲ್ಲದಲ್ಲಿ ಚುರುಕು ಕೆಲಸಕ್ಕೆ ಬಂದಿತು.

"ಹಾಗಾದರೆ ವಸ್ತಾದನೇಕೆ?" ಎಂದು ಕೇಳುವವರುಂಟು. ದಂಡ, ಬೈಠಕ್ಕು, ಉಸಿರಿನ ಹಿಡಿತ, ಕಣದ ಶಿಸ್ತು ಎಲ್ಲರಿಗೂ ಒಂದೇ. ಅವು ಗುರುವಿಲ್ಲದೆ ಬಾರವು. ಅಡಿಪಾಯ ಗಟ್ಟಿಯಾದ ಮೇಲೆ ಹುಡುಗನ ಮೈಯನ್ನು ಓದಿ, ಅದಕ್ಕೊಪ್ಪುವ ಪಟ್ಟನ್ನು ತೀಡುವುದರಲ್ಲಿ ವಸ್ತಾದನ ಹಿರಿಮೆಯಿದೆ. ತನ್ನ ಹರೆಯದ ಪಟ್ಟನ್ನೇ ಶಿಷ್ಯನ ಮೇಲೆ ಹೊರಿಸುವುದಕ್ಕೆ ವಸ್ತಾದನೇ ಬೇಕಾಗಿಲ್ಲ.

"ಇವಗ ಪೈಲವಾನನ ಮೈ ಇಲ್ಲ" ಎಂದು ತಾಲೀಮಿನ ಬಾಗಿಲಿನಿಂದಲೇ ಹಿಂದಿರುಗಿದ ಹುಡುಗರೆಷ್ಟೋ! ಅವರೊಡನೆ ಹುಟ್ಟಬಹುದಾಗಿದ್ದ ಪಟ್ಟುಗಳೂ ಮನೆಗೆ ಹೋದವು. ಪದ್ಧತಿ ಉಳಿಯಬೇಕೆಂದು ಹಂಬಲಿಸುವ ಹಿರಿಯರು ಮೊದಲು ಆ ಸಣ್ಣ ಹುಡುಗನನ್ನು ಒಳಗೆ ಕರೆಯಲಿ.