ಸೇನೆ ಸೇರಿದರೆ ಪೌರತ್ವ: ರಷ್ಯಾ ಆಫರ್ ಹಿಂದಿನ ಲೆಕ್ಕ ಏನು?

ಸೇನೆ ಸೇರಿದ ವಲಸಿಗರಿಗೆ ಪೌರತ್ವ ಕೊಡೋದು ಹೊಸದೇನಲ್ಲ. ಅಮೆರಿಕದಲ್ಲೂ ಗ್ರೀನ್ ಕಾರ್ಡ್ ಇದ್ದವರಿಗೆ ಈ ದಾರಿ ಇದೆ. ಉಕ್ರೇನ್ ಯುದ್ಧದ ನಡುವೆ, 2024ರ ಜನವರಿಯಲ್ಲಿ ರಷ್ಯಾ ಅಧ್ಯಕ್ಷ ಪುಟಿನ್ ಕೂಡ ತಮ್ಮ ಪರ ಹೋರಾಡುವ ವಿದೇಶಿಯರಿಗೆ ಬೇಗ ಪೌರತ್ವ ಕೊಡುವ ಆದೇಶ ಹೊರಡಿಸಿದರು.

ಆದರೆ ನಮ್ಮ ಕಲಬುರಗಿಯ ಮೂವರು ಹುಡುಗರು ಹೋಗಿದ್ದು ದೇಶಭಕ್ತಿಗೂ ಅಲ್ಲ, ಪೌರತ್ವಕ್ಕೂ ಅಲ್ಲ; ಸೆಕ್ಯುರಿಟಿ ಕೆಲಸ ಅಂತ ಏಜೆಂಟರು ಹೇಳಿದ್ದನ್ನ ನಂಬಿ. ಸಿಕ್ಕಿಬಿದ್ದಿದ್ದು ಯುದ್ಧದಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಜೀವಂತ ವಾಪಸ್ ಬಂದರು. ಅವರಂತೆಯೇ ಹೋಗಿದ್ದ ಗುಜರಾತಿನ ಯುವಕನೊಬ್ಬ ಬರಲೇ ಇಲ್ಲ.

ಇನ್ನೊಂದು ವಿಷ್ಯ: ಬೇರೆ ದೇಶದ ಪೌರತ್ವ ತಗೊಂಡ್ರೆ 1955ರ ಕಾಯ್ದೆ ಪ್ರಕಾರ ಭಾರತದ ಪೌರತ್ವ ಹೋಗುತ್ತೆ. ಹಾಗಾಗಿ ಓದೋಕೆ ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ಏಜೆಂಟ್ ನೋಂದಾಯಿತನಾ ಅಂತ ಕೇಂದ್ರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಮೊದಲು ನೋಡಿ.