ಭೇದಿಯಾದ ಮಗುವಿಗೆ ನೀರು ನಿಲ್ಲಿಸುವುದು ಬೇಡ

ಮುಂಗಾರು ಹಿಡಿದರೆ ಶಿವಮೊಗ್ಗದಲ್ಲಿ ತುಂಗೆ, ಭದ್ರಾವತಿಯಲ್ಲಿ ಭದ್ರೆ ಕೆಂಪಾಗಿ ಹರಿಯುತ್ತವೆ. ಅದರ ಹಿಂದೆಯೇ ನಮ್ಮ ಮನೆಗಳ ಚಿಕ್ಕ ಮಕ್ಕಳಿಗೆ ವಾಂತಿ-ಭೇದಿ ಶುರು. ಆಗ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಯಾವುದು? 'ನೀರು ಕೊಡ್ಬೇಡ, ಕುಡಿದಷ್ಟೂ ಹೋಗುತ್ತೆ.' ಎರಡನೆಯದು, 'ಹಲ್ಲು ಬರ್ತಾ ಇದೆ, ತಾನೇ ನಿಲ್ಲುತ್ತೆ.' ಹೇಳುವವರು ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಭೇದಿಯಲ್ಲಿ ಮಗುವಿನ ಜೀವಕ್ಕೆ ಕುತ್ತು ಬರುವುದು ಬಹುತೇಕ ಮೈಯ ನೀರು, ಉಪ್ಪು ಬತ್ತುವುದರಿಂದ. ಎದೆಹಾಲು ನಿಲ್ಲಿಸಬಾರದು. ಊಟ ಮಾಡುವ ಮಗುವಿಗೆ ಗಂಜಿ, ಮೆತ್ತಗಿನ ಅನ್ನ ಕೊಡ್ತಾ ಇರಬೇಕು. ಗಂಜಿ ನಮ್ಮ ಕರಾವಳಿಯವರಿಗೆ ಯಾರೂ ಕಲಿಸಬೇಕಾದ್ದಲ್ಲ ಬಿಡಿ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮಿನಲ್ಲಿ ಕಲಸಿ ಕುಡಿಸಿದರು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕೊಟ್ಟರು. ಸಾವು ಶೇ. 3.6ಕ್ಕೆ ಇಳಿಯಿತು. ಆ ನೀರೇ ಇಂದಿನ ಓಆರ್‌ಎಸ್. ಹಾಗಿದ್ದೂ ನಮಗೆ ಡ್ರಿಪ್ ಹಾಕಿದರೆ ಮಾತ್ರ ಚಿಕಿತ್ಸೆ ಅನ್ನಿಸುತ್ತದೆ!

ಕಲಸುವಲ್ಲೇ ಹೆಚ್ಚು ಎಡವಟ್ಟಾಗುವುದು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು. ಲೋಟಕ್ಕೆ ಇಷ್ಟಿಷ್ಟೇ ಪುಡಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಮಗುವಿಗೇ ತೊಂದರೆ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಿ.

ಅಂಗಡಿಯ ಸಿಹಿ ಪಾನೀಯದ ಡಬ್ಬಿ ನೋಡಿ ಮೋಸ ಹೋಗಬೇಡಿ. ಅವಕ್ಕೆ ಓಆರ್‌ಎಸ್ ಹೆಸರು ಹಾಕುವುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದೆಂದು ಆದೇಶಿಸಿತು. ಸಕ್ಕರೆ ಹೆಚ್ಚಾದ ನೀರು ಭೇದಿಯನ್ನು ಇನ್ನೂ ಹೆಚ್ಚಿಸುತ್ತದೆ.

ಇನ್ನು ಜಿಂಕ್ ಮಾತ್ರೆ. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ ಮುಗಿಸಬೇಕು. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10. ಓಆರ್‌ಎಸ್, ಜಿಂಕ್ ಎರಡೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ವೈದ್ಯರನ್ನು ಕೇಳದೆ ಮೆಡಿಕಲ್‌ನಿಂದ ಭೇದಿ ಕಟ್ಟುವ ಮಾತ್ರೆ, ಆ್ಯಂಟಿಬಯಾಟಿಕ್ ತಂದು ಕೊಡುವುದು ಮಾತ್ರ ಖಂಡಿತಾ ಬೇಡ.

ನಮ್ಮ ನಿಜವಾದ ತಕರಾರು ಬೇರೆಯೇ ಇದೆ. ಗಂಡ ಗಲ್ಫ್‌ನಲ್ಲೋ ಅಂಗಡಿಯಲ್ಲೋ ಇರ್ತಾನೆ. ಮಗುವಿನ ಕಣ್ಣು ಗುಳಿ ಬಿದ್ದಿದೆ ಎಂದು ತಾಯಿಗೆ ಕಾಣಿಸುತ್ತದೆ. ಆದರೂ 'ಅವರು ಫೋನ್ ಮಾಡ್ಲಿ, ಆಮೇಲೆ ಹೋಗೋಣ' ಎಂದು ಕಾಯಿಸುತ್ತೇವೆ. ಆ ಕಾಯುವಿಕೆಯಲ್ಲೇ ಮಗು ಕೈತಪ್ಪಬಹುದು. ಮಲದಲ್ಲಿ ರಕ್ತ, ಕುಡಿಯಲಾಗದಷ್ಟು ಸುಸ್ತು, ಆರೆಂಟು ಗಂಟೆ ಮೂತ್ರವಿಲ್ಲ, ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ಎರಡು ತಿಂಗಳೊಳಗಿನ ಕೂಸಾದರೆ ಲಕ್ಷಣಕ್ಕೂ ಕಾಯಬೇಡಿ. ಮನೆಯಲ್ಲಿರುವ ಹೆಂಗಸೇ ತೀರ್ಮಾನಿಸಿ ಹೊರಡಬೇಕು. ಆಟೋಕ್ಕೆ ಬೇಕಾದ ದುಡ್ಡು ಅವಳ ಕೈಯಲ್ಲೇ ಇರಲಿ. ಶಿವಮೊಗ್ಗದವರಿಗೆ ಮೆಗ್ಗಾನ್ ಇದೆ, ಭದ್ರಾವತಿಯವರಿಗೆ ತಾಲೂಕು ಆಸ್ಪತ್ರೆ ಇದೆ. ರಾತ್ರಿಯಾದರೆ 108 ಕರೆಯಿರಿ, ದಾರಿಯಲ್ಲೂ ಚಮಚದಲ್ಲಿ ಓಆರ್‌ಎಸ್ ಕೊಡ್ತಾ ಇರಿ.